ಬೆಂಗಳೂರಿನ ಗುಲಾಬಿ ತೋಟದಲ್ಲಿ ಚರ್ಚಿಲ್

ಯಲಹಂಕದಿಂದ ದೊಡ್ಡಬಳ್ಳಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ರಾಜಾನುಕುಂಟೆ. ಸುತ್ತಲಿನ ಹೊಲ-ತೋಟಗಳು ಒಂದೊಂದಾಗಿ ಬಡಾವಣೆಗಳಾಗುತ್ತಿರುವ ಈ ಸೀಮೆಯಲ್ಲಿ ಹೊಸ ಮನೆ ಕಟ್ಟಿದ ಹಲವರು ಗೃಹಪ್ರವೇಶದ ಬೆನ್ನಿಗೇ ಎರಡು ಕೆಲಸ ಮಾಡುತ್ತಾರೆ. ಕಾಂಪೌಂಡಿನೊಳಗೆ ನಾಲ್ಕು ಗುಲಾಬಿ ಗಿಡ ನೆಡುವುದು ಒಂದು, ಗೇಟಿನ ಬಳಿ ನಾಯಿಯೊಂದನ್ನು ಸಾಕುವುದು ಇನ್ನೊಂದು. ನೆಟ್ಟ ಪಾತಿಯನ್ನು ನಾಯಿ ಕೆದರುವುದು, ಮನೆಯೊಡತಿ ಅದನ್ನು ಗದರಿ ಮತ್ತೆ ಮಣ್ಣು ಮುಚ್ಚುವುದು ನಿತ್ಯದ ಕಥೆ.

ಹೂದೋಟ ಮತ್ತು ನಾಯಿ ಒಂದೇ ಅಂಗಳವನ್ನು ಹಂಚಿಕೊಳ್ಳುವ ಈ ಬಗೆಯ ಬಾಳು ಬೆಂಗಳೂರಿಗೆ ಹೊಸದಲ್ಲ. 1896ರ ಅಕ್ಟೋಬರ್‌ನಲ್ಲಿ ದಂಡು ಪ್ರದೇಶದ ಬಂಗಲೆಯೊಂದಕ್ಕೆ ಬಂದಿಳಿದ ಇಪ್ಪತ್ತೊಂದರ ಹರೆಯದ ಸೇನಾಧಿಕಾರಿಯೊಬ್ಬ ಇಲ್ಲಿ ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ಟೆರಿಯರ್ ನಾಯಿಯ ಸಹಾಯದಿಂದ ಇಲಿಯೊಂದರ ಮೇಲೆ ಸೇಡು ತೀರಿಸಿಕೊಂಡ. ಮುಂದೆ ಎರಡು ಬಾರಿ ಬ್ರಿಟನ್ನಿನ ಪ್ರಧಾನಿಯಾದ ಆತನ ಹೆಸರು ವಿನ್‌ಸ್ಟನ್ ಚರ್ಚಿಲ್. ಭಾರತದ ಸ್ವಾತಂತ್ರ್ಯವನ್ನು ಕೊನೆಯವರೆಗೂ ವಿರೋಧಿಸಿದವನೆಂದೇ ನಮ್ಮವರು ಬಲ್ಲ ಆ ವ್ಯಕ್ತಿಗೆ ಮೊದಲ ಬಾರಿಗೆ ಸ್ವಂತ ಮನೆಯ ಸುಖ ತೋರಿಸಿದ್ದು ಬೆಂಗಳೂರಿನ ಈ ಅಂಗಳ.

ಅರಮನೆಯಲ್ಲಿ ಹುಟ್ಟಿದ ಒಂಟಿ ಹುಡುಗ

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನ್‌ಹೈಮ್ ಅರಮನೆಯಲ್ಲಿ. ತಂದೆ ಲಾರ್ಡ್ ರಾಂಡಾಲ್ಫ್ ಚರ್ಚಿಲ್ ಹೆಸರಾಂತ ರಾಜಕಾರಣಿ. ತಾಯಿ ಜೆನ್ನಿ ಜೆರೋಮ್ ಅಮೆರಿಕದ ಸಿರಿವಂತ ಮನೆತನದ ಹೆಣ್ಣುಮಗಳು. ಇಬ್ಬರಿಗೂ ಮಗನ ಕಡೆ ನೋಡಲು ಹೆಚ್ಚು ಬಿಡುವಿರಲಿಲ್ಲ. ಹುಡುಗನನ್ನು ಸಾಕಿ ಬೆಳೆಸಿದವಳು ದಾದಿ ಎಲಿಜಬೆತ್ ಎವರೆಸ್ಟ್. ವಸತಿ ಶಾಲೆಗಳಲ್ಲಿ ಕಳೆದ ಬಾಲ್ಯದಲ್ಲಿ ಆತನಿಗೆ ಸಂಗಾತಿಗಳಾದದ್ದು ಕೀಟಗಳು ಮತ್ತು ಪ್ರಾಣಿಗಳು. ಚಿಟ್ಟೆ ಹಿಡಿಯುವ ಹವ್ಯಾಸ ಎಳವೆಯಲ್ಲೇ ಅಂಟಿತು. ಹ್ಯಾರೋ ಶಾಲೆಯಲ್ಲಿದ್ದಾಗ ತನ್ನ ಬೈಸಿಕಲ್ಲನ್ನು ಮಾರಿ ಡೋಡೋ ಎಂಬ ಬುಲ್‌ಡಾಗ್ ನಾಯಿಯನ್ನು ಕೊಂಡ.

ಓದಿನಲ್ಲಿ ಹಿಂದುಳಿದವನೆಂಬ ಹಣೆಪಟ್ಟಿ ಹೊತ್ತು, ಮೂರನೆಯ ಯತ್ನದಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಗೆ ಸೇರಿದ. 1895 ಆತನ ಪಾಲಿಗೆ ಕಷ್ಟದ ವರ್ಷ. ಜನವರಿಯಲ್ಲಿ ತಂದೆ ತೀರಿಕೊಂಡರು, ಜುಲೈನಲ್ಲಿ ದಾದಿ ಎವರೆಸ್ಟ್ ತೀರಿಕೊಂಡಳು. ಆ ನಡುವೆ ಫೆಬ್ರವರಿಯಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದಲ್ಲಿ ಕಿರಿಯ ಅಧಿಕಾರಿಯಾಗಿ ನೇಮಕವಾಯಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ದಳವನ್ನು ಹೊತ್ತ ಹಡಗು ಭಾರತಕ್ಕೆ ಹೊರಟಿತು. ಮುಂಬಯಿಯ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಮೆಟ್ಟಿಲಿಗೆ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆ ಹಿಡಿದುಕೊಂಡ. ಅಲೆಯ ಏಟಿಗೆ ದೋಣಿ ಜಾರಿ ಬಲ ಭುಜದ ಕೀಲು ತಪ್ಪಿತು. ಆ ನೋವು ಜೀವಮಾನವಿಡೀ ಆತನನ್ನು ಕಾಡಿತು. ಹೀಗೆ ಭುಜದ ನೋವಿನೊಂದಿಗೆ, ಪುಣೆಯ ಮೂಲಕ, ಬೆಂಗಳೂರನ್ನು ತಲುಪಿದ.

ನಸುಗೆಂಪು ಬಂಗಲೆ, ನೂರೈವತ್ತು ಗುಲಾಬಿ

ಅಂದು ಬೆಂಗಳೂರು ಎಂದರೆ ಎರಡು ಊರು. ಪೇಟೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲವದು. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದಲ್ಲಿ ಬ್ರಿಟಿಷರ ಆಡಳಿತ. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ಇಂಗ್ಲೆಂಡಿನ ಹೂವು, ತರಕಾರಿಗಳು ಸೊಗಸಾಗಿ ಬೆಳೆಯುತ್ತವೆ ಎಂಬುದನ್ನು ಬಿಳಿಯ ಅಧಿಕಾರಿಗಳು ಆ ವೇಳೆಗಾಗಲೇ ಕಂಡುಕೊಂಡಿದ್ದರು. ಲಾಲ್‌ಬಾಗ್‌ನಲ್ಲಿ ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿದ್ದರು. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ಆಗಿನ್ನೂ ಹೊಸತು.

ಅಶ್ವದಳದ ಅಧಿಕಾರಿಗಳಿಗೆ ಸರ್ಕಾರ ವಸತಿ ಕೊಡುತ್ತಿರಲಿಲ್ಲ. ಬಾಡಿಗೆಯ ಹಣ ಕೊಟ್ಟು ತಮ್ಮ ದಾರಿ ನೋಡಿಕೊಳ್ಳಲು ಬಿಡುತ್ತಿತ್ತು. ಚರ್ಚಿಲ್ ತನ್ನ ದಳದ ರೆಜಿನಾಲ್ಡ್ ಬಾರ್ನ್ಸ್ ಮತ್ತು ಹ್ಯೂಗೋ ಬೇರಿಂಗ್ ಎಂಬ ಇಬ್ಬರು ಗೆಳೆಯರ ಜೊತೆಗೂಡಿ ದೊಡ್ಡದೊಂದು ಬಂಗಲೆ ಹಿಡಿದ. ಬಿಳಿ ಮತ್ತು ನಸುಗೆಂಪು ಗಾರೆಯ ಗೋಡೆ, ಹೆಂಚಿನ ಮಾಡು, ಬಿಳಿ ಕಂಬಗಳ ಅಗಲವಾದ ಜಗಲಿ, ಕಂಬಕ್ಕೆ ಹಬ್ಬಿದ ನೇರಳೆ ಬಣ್ಣದ ಕಾಗದದ ಹೂವಿನ ಬಳ್ಳಿ. ಸುತ್ತ ಸುಮಾರು ಎರಡು ಎಕರೆ ಜಾಗ. ಹಿಂದೆ ಮೂವತ್ತು ಕುದುರೆಗಳನ್ನು ಕಟ್ಟುವಷ್ಟು ದೊಡ್ಡ ಲಾಯ.

ಹಿಂದಿನ ನಿವಾಸಿ ಬಿಟ್ಟುಹೋದ ಆಸ್ತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದರೆ ಸುಮಾರು ನೂರೈವತ್ತು ಗುಲಾಬಿ ಗಿಡಗಳು. ಇವು ಸಾಮಾನ್ಯ ಪೊದೆಗಳಲ್ಲ. ಒಂದೇ ನೆಟ್ಟನೆಯ ಕಾಂಡವನ್ನು ಎದೆಯೆತ್ತರ ಬೆಳೆಸಿ, ತುದಿಗೆ ಉತ್ತಮ ತಳಿಯ ಕಣ್ಣು ಕಸಿ ಕಟ್ಟಿ, ಕೊಡೆಯಂತೆ ಹರಡಲು ಬಿಟ್ಟ ಪುಟ್ಟ ಮರಗಳು. ಆ ಕಾಲದ ಯೂರೋಪಿನಲ್ಲಿ ಹೆಸರು ಮಾಡಿದ್ದ ಫ್ರೆಂಚ್ ತಳಿಗಳೇ ಅಲ್ಲಿದ್ದವು. 1853ರಲ್ಲಿ ಬೆಳಕಿಗೆ ಬಂದ ಗ್ಲೋರ್ ದ ದಿಜೋಂ, ಹಳದಿ ಹೂವಿನ ಮರೆಶಾಲ್ ನೀಲ್, 1867ರ ಲಾ ಫ್ರಾನ್ಸ್ ಅವುಗಳಲ್ಲಿ ಮುಖ್ಯವಾದವು. ಇಂದು ಪ್ರಪಂಚದ ಹೂವಿನ ಅಂಗಡಿಗಳನ್ನೆಲ್ಲ ತುಂಬಿರುವ ಹೈಬ್ರಿಡ್ ಟೀ ಗುಲಾಬಿಗಳ ವಂಶ ಆರಂಭವಾಗುವುದೇ ಲಾ ಫ್ರಾನ್ಸ್‌ನಿಂದ. ಮರೆಶಾಲ್ ನೀಲ್ ಚಳಿ ತಡೆಯದ ಗಿಡ. ಇಂಗ್ಲೆಂಡಿನಲ್ಲಿ ಅದನ್ನು ಗಾಜಿನ ಮನೆಯೊಳಗೆ ಮುಚ್ಚಟೆಯಿಂದ ಸಾಕಬೇಕಿತ್ತು. ಬೆಂಗಳೂರಿನಲ್ಲಿ ಅದು ಬಯಲಲ್ಲೇ ಹೂ ಬಿಟ್ಟಿತು.

ಯುವಕ ಈ ತೋಟಕ್ಕೆ ಮನಸೋತ. ಮನೆಗೆ ಬರೆದ ಪತ್ರಗಳಲ್ಲಿ ಪೋಲೋ ಆಟ, ಹಣದ ಮುಗ್ಗಟ್ಟಿನ ಜೊತೆಗೆ ಗುಲಾಬಿಯ ಲೆಕ್ಕವೂ ಸೇರಿಕೊಂಡಿತು. ತಳಿಗಳು ಮೊದಲು ಐವತ್ತಾದವು, ಬಳಿಕ ಎಪ್ಪತ್ತಾದವು. ಗಿಡಗಳ ಸಂಖ್ಯೆ ಸುಮಾರು ಇನ್ನೂರೈವತ್ತಕ್ಕೆ ಏರಿತು. ಬೆಳಗಾದರೆ ಮೂರು ದೊಡ್ಡ ಬೋಗುಣಿ ತುಂಬುವಷ್ಟು ಹೂ ಕೊಯ್ಯಬಹುದೆಂದು ತಾಯಿಗೆ ಹೆಮ್ಮೆಯಿಂದ ತಿಳಿಸಿದ. ಅರಮನೆಯಲ್ಲಿ ಹುಟ್ಟಿದವನಾದರೂ ಆತನಿಗೆ ತನ್ನದೆಂದು ಹೇಳಿಕೊಳ್ಳುವ ಮನೆಯೊಂದು ದೊರೆತದ್ದು ಇದೇ ಮೊದಲು.

ನೀರು ಹೊತ್ತವರು

ಗುಲಾಬಿಗೆ ಬೇಕಾದದ್ದು ಬಿಸಿಲು, ಗೊಬ್ಬರ, ಹದವಾದ ನೀರು. ಬಿಸಿಲಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಲಾಯದ ತುಂಬ ಕುದುರೆಗಳಿದ್ದ ಮನೆಯಲ್ಲಿ ಲದ್ದಿ ಗೊಬ್ಬರಕ್ಕೂ ಕೊರತೆಯಿಲ್ಲ. ನೀರಿನ ಮಾತು ಬೇರೆ. ಕೆರೆ, ಬಾವಿಗಳನ್ನೇ ನಂಬಿದ್ದ ಊರಿಗೆ ಮೊದಲ ಬಾರಿ ಕೊಳವೆಯ ನೀರು ಬಂದದ್ದು ಚರ್ಚಿಲ್ ಬಂದ 1896ರಲ್ಲಿಯೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಯೋಜನೆಯಲ್ಲಿ ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಕೆರೆ ಕಟ್ಟಿ, ಸೋಲದೇವನಹಳ್ಳಿಯಿಂದ ಉಗಿಯಂತ್ರಗಳ ಮೂಲಕ ನೀರನ್ನು ಮೇಲೆತ್ತಿ ಊರಿಗೆ ಹರಿಸಲಾಯಿತು. ರಾಜಾನುಕುಂಟೆಯ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಆ ಕೆರೆಯೇ ನಗರದ ಮೊದಲ ನಲ್ಲಿಗಳ ತಾಯಿ.

ಆದರೂ ಆ ಬಂಗಲೆಯ ತೋಟ ನಂಬಿದ್ದು ಮನುಷ್ಯರ ಹೆಗಲನ್ನು. ಮೂವರು ಅಧಿಕಾರಿಗಳು ಸೇರಿ ಇಬ್ಬರು ಮಾಲಿಗಳನ್ನು, ಚರ್ಮದ ಚೀಲದಲ್ಲಿ ನೀರು ಹೊರುವ ಮೂವರು ಭಿಸ್ತಿಗಳನ್ನು, ನಾಲ್ವರು ಅಗಸರನ್ನು ಮತ್ತು ಒಬ್ಬ ಕಾವಲುಗಾರನನ್ನು ಇಟ್ಟುಕೊಂಡಿದ್ದರು ಎಂಬ ಲೆಕ್ಕ 1930ರಲ್ಲಿ ಪ್ರಕಟವಾದ ಚರ್ಚಿಲ್‌ನ ಆತ್ಮಕಥೆಯಲ್ಲಿದೆ. ಇವರಲ್ಲದೆ ಪ್ರತಿಯೊಬ್ಬ ಅಧಿಕಾರಿಗೂ ಒಬ್ಬ ಬಟ್ಲರ್, ಉಡುಪು ನೋಡಿಕೊಳ್ಳುವ ಇಬ್ಬರು ಹುಡುಗರು, ಕುದುರೆಗೊಬ್ಬ ಆಳು. ತಿಂಗಳ ಕೊನೆಗೆ ಸಂಬಳದ ಬೆಳ್ಳಿ ರೂಪಾಯಿಗಳು ತುಂಬಿದ ಚೀಲವನ್ನು ಬಟ್ಲರ್‌ನ ಕೈಗೆ ಕೊಟ್ಟುಬಿಟ್ಟರೆ ಮನೆಯ ಚಿಂತೆ ಮುಗಿಯಿತು.

ಮಳೆಗಾಲ ಕಳೆದ ಮೇಲೆ ಗುಲಾಬಿಯ ಒಣ ರೆಂಬೆ ಸವರುವುದು, ಬುಡ ಬಿಡಿಸಿ ಬೇರಿಗೆ ಗಾಳಿಯಾಡಿಸುವುದು, ಕಸಿಯ ಕೆಳಗೆ ಚಿಗುರುವ ಕಾಡುಕುಡಿ ಚಿವುಟುವುದು ಎಲ್ಲವೂ ಅನುಭವ ಬೇಡುವ ಕೆಲಸ. ತಿಂಗಳುಗಟ್ಟಲೆ ಯುದ್ಧಭೂಮಿಗೋ ಲಂಡನ್ನಿಗೋ ಹೋಗಿಬಿಡುತ್ತಿದ್ದ ಯಜಮಾನನ ತೋಟ ಬಾಡದೆ ಉಳಿಯಬೇಕಾದರೆ ಅದನ್ನು ಬಲ್ಲ ಕೈಗಳೇ ಬೇಕು. ಆ ಕೈಗಳ ಎಣಿಕೆ ಆತ್ಮಕಥೆಯಲ್ಲಿದೆ, ಹೆಸರುಗಳಿಲ್ಲ.

ಚಿಟ್ಟೆ, ಇಲಿ ಮತ್ತು ಟೆರಿಯರ್

ಹೂವಿದ್ದಲ್ಲಿ ಚಿಟ್ಟೆ ಬರಲೇಬೇಕು. ತೋಟದಲ್ಲಿ ಹಾರಾಡುತ್ತಿದ್ದ ಬಣ್ಣಬಣ್ಣದ ಚಿಟ್ಟೆಗಳು ಚರ್ಚಿಲ್‌ನ ಬಾಲ್ಯದ ಹವ್ಯಾಸವನ್ನು ಮತ್ತೆ ಕೆಣಕಿದವು. ಬಲೆ, ಗುಂಡುಸೂಜಿ, ಚಿಟ್ಟೆ ಇಡುವ ಪೆಟ್ಟಿಗೆಗಳನ್ನು ಕಳಿಸಿಕೊಡುವಂತೆ ಮನೆಗೆ ಬರೆದ. ಇಂಗ್ಲೆಂಡಿನಲ್ಲಿ ತಾನು ಬಲ್ಲ ಚಿಟ್ಟೆಗಳ ಹೆಸರುಗಳನ್ನೇ ಇಲ್ಲಿನವಕ್ಕೂ ಇಟ್ಟ. ಬೆಂಗಳೂರಿನ ನಿಂಬೆ, ಕರಿಬೇವಿನ ಎಲೆಗಳ ಮೇಲೆ ಬೆಳೆಯುವ ಬಾಲದ ಚಿಟ್ಟೆಗಳಿಗೂ ಆತನ ಊರಿನ ಬಾಲದ ಚಿಟ್ಟೆಗಳಿಗೂ ಇರುವುದು ದೂರದ ನೆಂಟಸ್ತನ ಮಾತ್ರ. ಕೆಲವೇ ವಾರಗಳಲ್ಲಿ ಅರವತ್ತೈದಕ್ಕೂ ಹೆಚ್ಚು ಬಗೆಯ ಚಿಟ್ಟೆಗಳು ಆತನ ಸಂಗ್ರಹ ಸೇರಿದವು.

ಆ ಸಂಗ್ರಹ ಬಹುಕಾಲ ಬಾಳಲಿಲ್ಲ. ಒಂದು ರಾತ್ರಿ ಇಲಿಯೊಂದು ಪೆಟ್ಟಿಗೆಗೆ ನುಗ್ಗಿ ಒಣಗಿದ ಚಿಟ್ಟೆಗಳನ್ನೆಲ್ಲ ತಿಂದು ಮುಗಿಸಿತು. ಸೈನಿಕನಿಗೆ ಸಿಟ್ಟು ನೆತ್ತಿಗೇರಿತು. ಇಲಿಯನ್ನು ಹಿಡಿಸಿ ಟೆರಿಯರ್ ನಾಯಿಯ ಮುಂದೆ ಬಿಟ್ಟ. ನಾಯಿ ತನ್ನ ಕರ್ತವ್ಯ ಮುಗಿಸಿತು. ಈ ಪ್ರಸಂಗವನ್ನು ಮನೆಗೆ ವರದಿ ಮಾಡಿದ ಪತ್ರದಲ್ಲಿ ಆ ನಾಯಿಯ ಹೆಸರೂ ಇದೆ. ತಮಾಷೆಯೆಂದರೆ ನಾಯಿಯ ಹೆಸರೂ ವಿನ್‌ಸ್ಟನ್!

ಟೆರಿಯರ್ ಎಂಬ ಹೆಸರು ಬಂದದ್ದೇ ನೆಲ ಎಂಬರ್ಥದ ಲ್ಯಾಟಿನ್ ಪದದಿಂದ. ಬಿಲದೊಳಗಿನ ಇಲಿ, ನರಿಗಳನ್ನು ಮಣ್ಣು ಕೆದರಿ ಹೊರಗೆಳೆಯುವುದಕ್ಕಾಗಿಯೇ ಬೆಳೆಸಿದ ತಳಿಯದು. ಅಂಥ ನಾಯಿ ಹೂವಿನ ಪಾತಿಯನ್ನು ಕೆದರಿದರೆ ಅದು ತುಂಟತನವಲ್ಲ, ಹುಟ್ಟುಗುಣ. ಬೇರು, ಗೆಡ್ಡೆಗಳನ್ನು ಕಡಿಯುವ ಇಲಿ-ಹೆಗ್ಗಣಗಳ ಕಾಟವಿರುವ ತೋಟಕ್ಕೆ ಅದೇ ಗುಣ ಕಾವಲೂ ಹೌದು. ಇಲಿಯ ಮೇಲಿನ ಭಯಕ್ಕೆ ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಕಾರಣ ಹುಟ್ಟಿಕೊಂಡದ್ದು ಸ್ವಲ್ಪ ತಡವಾಗಿ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಮಾರಿ ಈ ಊರನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹರಡುತ್ತದೆ ಎಂಬುದನ್ನು ಫ್ರೆಂಚ್ ವಿಜ್ಞಾನಿ ಪಾಲ್ ಲೂಯಿ ಸಿಮೋಂ ಅದೇ ವರ್ಷ ಕಂಡುಹಿಡಿದ. ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ವಿಶಾಲ ನಿವೇಶನಗಳಿಗೆ ಜನ ಹೋಗತೊಡಗಿದ್ದು ಆ ಬಳಿಕ. ಮನೆಯ ಮುಂದೆ ಹೂಗಿಡಕ್ಕೆ ಜಾಗ ಬಿಡುವ ಪದ್ಧತಿ ಹೀಗೆ ದಂಡಿನಿಂದಾಚೆಗೂ ಹಬ್ಬಿತು.

ಜಗಲಿಯೇ ವಿಶ್ವವಿದ್ಯಾಲಯ

ದಂಡಿನ ದಿನಚರಿ ನಸುಕಿನಲ್ಲೇ ಆರಂಭ. ಮಂಚದಲ್ಲಿ ಮಲಗಿದ್ದಂತೆಯೇ ಕ್ಷೌರಿಕ ಬಂದು ಗಡ್ಡ ಹೆರೆಯುತ್ತಿದ್ದ. ಆರು ಗಂಟೆಗೆ ಕವಾಯತು, ಆಮೇಲೆ ಸ್ನಾನ, ತಿಂಡಿ, ಲಾಯದ ತಪಾಸಣೆ. ಹತ್ತೂವರೆಗೆಲ್ಲ ಕೆಲಸ ಮುಗಿದು ಬಿಸಿಲೇರುವ ಮುನ್ನ ಬಂಗಲೆಗೆ ವಾಪಸು. ಮತ್ತೆ ಹೊರಬೀಳುವುದು ಸಂಜೆ ಐದರ ಪೋಲೋ ಆಟಕ್ಕೆ. ನಡುವಿನ ದೀರ್ಘ ಮಧ್ಯಾಹ್ನವನ್ನು ಗೆಳೆಯರು ನಿದ್ದೆಯಲ್ಲಿ ಕಳೆದರೆ ಚರ್ಚಿಲ್ ಪುಸ್ತಕ ಹಿಡಿದು ಕೂತ.

ತಾನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ ಎಂಬ ಕೊರತೆ ಆತನನ್ನು ಚುಚ್ಚುತ್ತಿತ್ತು. ತಾಯಿಗೆ ಬರೆದು ಪುಸ್ತಕಗಳ ಪೆಟ್ಟಿಗೆಗಳನ್ನೇ ತರಿಸಿಕೊಂಡ. ಗಿಬ್ಬನ್‌ನ ರೋಮ್ ಸಾಮ್ರಾಜ್ಯದ ಇತಿಹಾಸದ ಎಂಟು ಸಂಪುಟಗಳು, ಮೆಕಾಲೆಯ ಹನ್ನೆರಡು ಸಂಪುಟಗಳು, ಪ್ಲೇಟೋ, ಅರಿಸ್ಟಾಟಲ್, ಮಾಲ್ತಸ್, ಡಾರ್ವಿನ್ ಹೀಗೆ ಸಾಗಿತು ಓದು. ದಿನಕ್ಕೆ ನಾಲ್ಕೈದು ಗಂಟೆ. 1897ರ ಸೆಪ್ಟೆಂಬರ್‌ನಲ್ಲಿ ವಾಯವ್ಯ ಗಡಿಯ ಮಾಲಾಕಂಡ್ ಕಾಳಗಕ್ಕೆ ಹೋಗಿ ಬಂದವನು ಅದರ ಕಥನವನ್ನು ಬೆಂಗಳೂರಿನಲ್ಲಿ ಕುಳಿತು ಬರೆದು ವರ್ಷಾಂತ್ಯಕ್ಕೆ ತಾಯಿಗೆ ಕಳುಹಿಸಿದ. 1898ರಲ್ಲಿ ಅಚ್ಚಾದ ಅದೇ ಆತನ ಮೊದಲ ಪುಸ್ತಕ. ಆತನ ಏಕೈಕ ಕಾದಂಬರಿ ಸವ್ರೋಲಾ ಮೊಳೆತದ್ದೂ ಆ ದಿನಗಳಲ್ಲೇ. 1953ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದ ಲೇಖಕ ರೂಪುಗೊಂಡದ್ದು ಈ ಮಧ್ಯಾಹ್ನಗಳಲ್ಲಿ. ಆತ ಓದುತ್ತಿದ್ದಾಗ ಹೊರಗೆ ಗಿಡಕ್ಕೆ ನೀರು ಬೀಳುತ್ತಿತ್ತು, ಒಗೆದ ಬಟ್ಟೆ ಒಣಗುತ್ತಿತ್ತು, ಕುದುರೆಗಳ ಮೈ ತಿಕ್ಕಲಾಗುತ್ತಿತ್ತು.

ವಿಚಿತ್ರವೆಂದರೆ, ರೋಮ್ ಸಾಮ್ರಾಜ್ಯದ ಏಳುಬೀಳುಗಳನ್ನು ಅಷ್ಟು ಆಸ್ಥೆಯಿಂದ ಓದಿದವನಿಗೆ ತನ್ನ ಕಾಂಪೌಂಡಿನಾಚೆಯ ಜನರ ಬಗ್ಗೆ ಕುತೂಹಲ ಹುಟ್ಟಲಿಲ್ಲ. ಇಲ್ಲಿನ ಭಾಷೆ ಕಲಿಯುವ ಅಗತ್ಯವೂ ಆತನಿಗೆ ಕಾಣಲಿಲ್ಲ.

ಹದಿಮೂರು ರೂಪಾಯಿ ಬಾಕಿ

ಸುಡಾನಿನ ಯುದ್ಧ ಮುಗಿಸಿ 1898ರ ಡಿಸೆಂಬರ್‌ನಲ್ಲಿ ಮತ್ತೆ ಬಂದ ಚರ್ಚಿಲ್, ಮರುವರ್ಷ ಮೀರತ್‌ನ ಪೋಲೋ ಪಂದ್ಯ ಗೆದ್ದು, ಮಾರ್ಚ್‌ನಲ್ಲಿ ಭಾರತ ಬಿಟ್ಟ. ಇನ್ನೆಂದೂ ಇತ್ತ ಬರಲಿಲ್ಲ. ಆತ ಸದಸ್ಯನಾಗಿದ್ದ, ಈಗ ಬೆಂಗಳೂರು ಕ್ಲಬ್ ಎಂದು ಕರೆಯಲಾಗುವ ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆದಿದೆ. ಬೆಂಗಳೂರಿಗರು ಚರ್ಚಿಲ್‌ನನ್ನು ನೆನೆದಾಗಲೆಲ್ಲ ನಗುತ್ತ ಹೇಳಿಕೊಳ್ಳುವುದು ಆ ಸಾಲವನ್ನು. ಗುಲಾಬಿ ತೋಟದ ಋಣದ ಮಾತು ಕೇಳಿಬರುವುದು ಕಡಿಮೆ.

ಆ ಋಣ ಆತನ ಬದುಕಿನಲ್ಲಿ ಉಳಿಯಿತು. 1908ರಲ್ಲಿ ಕ್ಲೆಮೆಂಟೈನ್ ಹೋಜಿಯರ್‌ಳನ್ನು ವರಿಸಿದ ಚರ್ಚಿಲ್ 1922ರಲ್ಲಿ ಕೆಂಟ್ ಸೀಮೆಯ ಚಾರ್ಟ್‌ವೆಲ್ ಎಂಬಲ್ಲಿ ಮನೆ ಕೊಂಡ. ಗಾರೆ ಕೆಲಸ ಕಲಿತು ತೋಟದ ಗೋಡೆಯನ್ನು ಸ್ವತಃ ಕಟ್ಟಿದ. ಕ್ಲೆಮೆಂಟೈನ್ ಅಲ್ಲಿ ಗುಲಾಬಿ ತೋಟ ಮಾಡಿದಳು. ಎರಡನೆಯ ಮಹಾಯುದ್ಧದ ನಂತರ ಹ್ಯೂ ನ್ಯೂಮನ್ ಎಂಬ ಚಿಟ್ಟೆ ಸಾಕಣೆಗಾರನ ನೆರವಿನಿಂದ ಹಳೆಯ ಬೇಸಿಗೆ ಮನೆಯೊಂದನ್ನು ಚಿಟ್ಟೆಗಳ ಮನೆಯಾಗಿ ಮಾರ್ಪಡಿಸಿದ. ಬೆಂಗಳೂರಿನಲ್ಲಿ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟವನು ಇಲ್ಲಿ ಮರಿಹುಳುಗಳನ್ನು ಸಾಕಿ ಚಿಟ್ಟೆಯಾಗಿಸಿ ತೋಟಕ್ಕೆ ಹಾರಿಬಿಟ್ಟ.

ಆ ತೋಟದಲ್ಲೂ ನಾಯಿಯಿತ್ತು. ರೂಫಸ್ ಎಂಬ ಕಂದು ಬಣ್ಣದ ಪೂಡಲ್ ಸದಾ ಆತನ ಹಿಂದೆಯೇ ಸುತ್ತುತ್ತಿತ್ತು. 1947ರಲ್ಲಿ ಅದು ವಾಹನಕ್ಕೆ ಸಿಲುಕಿ ಸತ್ತಾಗ ಅದೇ ತಳಿಯ ಇನ್ನೊಂದನ್ನು ತಂದು ಅದೇ ಹೆಸರಿಟ್ಟರು. ಎರಡೂ ಚಾರ್ಟ್‌ವೆಲ್‌ನ ತೋಟದಲ್ಲೇ ಮಣ್ಣಾಗಿವೆ. 1958ರಲ್ಲಿ ದಂಪತಿಯ ಮದುವೆಗೆ ಐವತ್ತು ತುಂಬಿದಾಗ ಮಕ್ಕಳು ಕೊಟ್ಟ ಉಡುಗೊರೆ, ಹೊಂಬಣ್ಣದ ಗುಲಾಬಿಗಳ ಸಾಲು. 1965ರ ಜನವರಿ 24ರಂದು, ತಂದೆ ತೀರಿದ ದಿನಾಂಕದಂದೇ, ತೊಂಬತ್ತರ ಚರ್ಚಿಲ್ ಕಣ್ಮುಚ್ಚಿದ. ಮರುವರ್ಷ ಆ ಮನೆ, ತೋಟಗಳು ಸಾರ್ವಜನಿಕರಿಗೆ ತೆರೆದವು.

ತೋಟ ಕಲಿಸದ ಪಾಠ

ಹೂವನ್ನು ಪ್ರೀತಿಸುವವನ ಮನಸ್ಸು ಮೃದು ಎಂಬ ನಂಬಿಕೆ ನಮ್ಮಲ್ಲಿದೆ. ಚರ್ಚಿಲ್‌ನ ಬಾಳು ಆ ನಂಬಿಕೆಗೆ ಸವಾಲು. 1930ರ ದಶಕದಲ್ಲಿ ಭಾರತಕ್ಕೆ ಅಲ್ಪಸ್ವಲ್ಪ ಸ್ವಾಡಳಿತ ಕೊಡುವ ಮಸೂದೆಯನ್ನೂ ಆತ ಸ್ವಪಕ್ಷದ ವಿರುದ್ಧ ನಿಂತು ವಿರೋಧಿಸಿದ. ಆತ ಪ್ರಧಾನಿಯಾಗಿದ್ದ 1943ರಲ್ಲಿ ಬಂಗಾಳವನ್ನು ಕ್ಷಾಮ ಆವರಿಸಿತು. ಸತ್ತವರು ಮೂವತ್ತು ಲಕ್ಷದವರೆಗೆ ಎಂಬ ಅಂದಾಜಿದೆ. ಧಾನ್ಯ ತರಲು ಹೆಚ್ಚಿನ ಹಡಗುಗಳು ಬೇಕೆಂಬ ಭಾರತದ ಅಧಿಕಾರಿಗಳ ಮೊರೆಗೆ ಲಂಡನ್ನಿನ ಯುದ್ಧ ಸಚಿವ ಸಂಪುಟ ಬೇಕಾದಷ್ಟು ಓಗೊಡಲಿಲ್ಲ. ಹೊಣೆಯ ಪ್ರಮಾಣದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಹಿಟ್ಲರ್‌ನನ್ನು ಎದುರಿಸಿ ನಿಂತ ಧೀರ ಎಂದು ಜಗತ್ತು ಕೊಂಡಾಡುವವನ ಮೇಲೆ ಈ ನೆರಳು ಮಾತ್ರ ಮಾಸಿಲ್ಲ.

ಇಪ್ಪತ್ತೊಂದರ ಹರೆಯದಲ್ಲಿ ಆತ ಪ್ರತಿದಿನ ಹತ್ತಿರದಿಂದ ಕಂಡ ಭಾರತೀಯರೆಂದರೆ ತೋಟದ ಮಾಲಿಗಳು, ನೀರು ಹೊತ್ತ ಭಿಸ್ತಿಗಳು. ಎಪ್ಪತ್ತು ಗುಲಾಬಿಗಳ ಜಾತಿ, ಅರವತ್ತೈದು ಚಿಟ್ಟೆಗಳ ಬಗೆ, ಒಂದು ನಾಯಿಯ ಹೆಸರು ಆತನ ಪತ್ರಗಳಲ್ಲಿ ಸೇರಿದವು. ನೀರೆರೆದ ಒಬ್ಬನ ಹೆಸರನ್ನಾದರೂ ಕೇಳಿ ತಿಳಿದು, ಆತನ ಮನೆಯಲ್ಲಿ ಒಲೆ ಉರಿಯುವುದೇ ಎಂದು ವಿಚಾರಿಸಿದ್ದರೆ, ಮುಂದೆ ಈ ದೇಶದ ಹಸಿವು ಆತನಿಗೆ ಬರೀ ಅಂಕಿಯಾಗಿ ಕಾಣುತ್ತಿರಲಿಲ್ಲವೇನೋ.

ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಪರಿಮಳ, ಅರ್ಕಾ ಸವಿಯಂಥ ಗುಲಾಬಿ ತಳಿಗಳನ್ನು ರೂಪಿಸಿದೆ. ಫ್ರಾನ್ಸಿನ ಗುಲಾಬಿಗಾಗಿ ಕಾಯಬೇಕಾದ ಕಾಲ ಹೋಗಿದೆ. ನಾಯಿಯಿರುವ ಮನೆಯವರಿಗೆ ಗುಲಾಬಿ ನಿರಪಾಯದ ಗಿಡ. ಕಣಗಿಲೆ ಹಾಗಲ್ಲ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ನಾಯಿಗೆ ವಿಷ. ಇಲಿ ಪಾಷಾಣವನ್ನೂ ಅಂಥ ಅಂಗಳದಲ್ಲಿ ಇಡಬಾರದು. ರಾಜಾನುಕುಂಟೆಯ ಹೊಸ ಮನೆಗಳಲ್ಲಿ ಹಲವು ಕಡೆ ತೋಟದ ಕೆಲಸಕ್ಕೆ ಇಂದಿಗೂ ಯಾರೋ ಒಬ್ಬರು ಮುಂಜಾನೆ ಬಂದು ಪಾತಿ ಮಾಡಿ, ನೀರು ಬಿಟ್ಟು ಹೋಗುತ್ತಾರೆ. ಆ ಮನೆಯ ನಾಯಿ ಅವರ ಹೆಜ್ಜೆಯ ಸದ್ದು ಗುರುತಿಸಿ, ಗೇಟು ತೆರೆಯುವ ಮೊದಲೇ ಬಾಲ ಅಲ್ಲಾಡಿಸುತ್ತ ಎದ್ದು ನಿಲ್ಲುತ್ತದೆ.